ಗಂಜಿ ಒಲೆಯ ದುಂಡವ್ವ

ಬಹಳ ಬಹಳ ಹಿಂದೆ, ಈಗಿನ ಮುದುಕರ ಮುತ್ತಜ್ಜಿಯರೂ ಹುಟ್ಟದಿದ್ದ ಕಾಲಕ್ಕೆ, ಹೊಳೆಸಾಲಿನಲ್ಲಿ ನೇಕಾರರ ಒಂದೂರಿತ್ತು. ಮನೆಮನೆಗೂ ಮಗ್ಗ, ಓಣಿಓಣಿಗೂ ನೂಲಿಗೆ ಹಚ್ಚುವ ಗಂಜಿಯ ಒಲೆ. ಆ ಊರಿನ ಸೀರೆ ಅಜ್ಜಿಯಿಂದ ಮೊಮ್ಮಗಳ ತನಕ ಬಾಳುತ್ತಿತ್ತಂತೆ. ಕೂಸುಗಳು ಮಾತ್ರ ಒಂದು ಬೇಸಿಗೆಯನ್ನೂ ಬಾಳುತ್ತಿರಲಿಲ್ಲವಂತೆ. ಹೋಳಿ ಹುಣ್ಣಿಮೆ ದಾಟಿತೋ ಇಲ್ಲವೋ, ಭೇದಿ ಹತ್ತಿ ಒಂದೊಂದಾಗಿ ಹೋಗುತ್ತಿದ್ದವು. ಎಲ್ಲ ಸಟವಿಯ ಬರಹ ಎಂದು ಊರವರು ಅತ್ತು ಸುಮ್ಮನಾಗುತ್ತಿದ್ದರು. ಹುಟ್ಟಿದ ಐದನೆಯ ದಿನ ಬಂದು ಕೂಸಿನ ಹಣೆಯಲ್ಲಿ ಬರೆದು ಹೋಗುವ ದೇವತೆ ಅವಳು. ಅವಳನ್ನು ಕೇಳುವವರು ಯಾರು?

ಕೇಳಿದವಳು ದುಂಡವ್ವ, ಆ ಊರಿನ ಸೂಲಗಿತ್ತಿ. ಬಾಯಿ ಜೋರು, ಕೈ ಮೆತ್ತಗೆ. ತಾನು ಮೊದಲು ಎತ್ತಿಕೊಂಡ ಕೂಸನ್ನು ಮಣ್ಣಿಗಿಟ್ಟು ಬಂದಾಗಲೆಲ್ಲ ಇದೆಂಥ ಬರಹ ಎಂದು ಸಟವಿಯನ್ನು ಬೈಯುತ್ತಿದ್ದಳಂತೆ. ಅವಳ ಮಗಳು ಕಾಶವ್ವನೇ ಎರಡು ಕೂಸು ಕಳೆದುಕೊಂಡಿದ್ದಳು. ಮೂರನೆಯದು ಹುಟ್ಟಿತು, ಹೆಣ್ಣು. ಬಾಣಂತಿಗೆ ಜ್ವರ ಬಂತು, ಎದೆಹಾಲು ಬತ್ತಿತು. ಆಗ ಕಾಶವ್ವನ ಅತ್ತೆ ಊರಿನ ಬೆಳ್ಳಿ ಒಳಲೆಯನ್ನು ತರಿಸಿದಳು.

ಒಳಲೆಯೆಂದರೆ ಕೂಸಿಗೆ ಹಾಲು ಹಾಕುವ ಮೂತಿಯ ಬಟ್ಟಲು. ಯಾವುದೋ ಕಾಲದಲ್ಲಿ ಒಂದೇ ಮನೆಯ ಏಳು ಮಕ್ಕಳು ಅದರಲ್ಲೇ ಕುಡಿದು ಏಳೂ ಬದುಕಿದ್ದರಂತೆ. ಅಂದಿನಿಂದ ಅದು ಮನೆಯಿಂದ ಮನೆಗೆ, ಕೂಸಿನಿಂದ ಕೂಸಿಗೆ ತಿರುಗುತ್ತಿತ್ತು. ಸೆರಗಿನಲ್ಲಿ ಒರೆಸಬಹುದು, ನೀರು ತಾಗಿಸುವಂತಿಲ್ಲ. ತಾಗಿಸಿದರೆ ಏಳು ಮಕ್ಕಳ ಆಯುಷ್ಯ ತೊಳೆದುಹೋಗುತ್ತದಲ್ಲ! ಅದೇ ಒಳಲೆಯಲ್ಲಿ ಕುಡಿದು ತೀರಿಹೋದ ಮಕ್ಕಳ ಲೆಕ್ಕ ಮಾತ್ರ ಯಾರೂ ಇಟ್ಟಿರಲಿಲ್ಲ.

ದುಂಡವ್ವ ಆ ಒಳಲೆಯ ಮೂತಿಯನ್ನು ಮೂಸಿ ನೋಡಿದಳಂತೆ. ಹಳಸಿದ ಗಂಜಿ ಗಡಿಗೆಯ ನಾತ. ನೇಕಾರರ ಹೆಣ್ಣಿಗೆ ಆ ನಾತ ಗೊತ್ತಿಲ್ಲವೇ? ಹಳಸಿದ ಗಡಿಗೆಯಲ್ಲಿ ಗಂಜಿ ಮಾಡಿದರೆ ನೂಲು ಕೊಳೆತು ಹರಿಯುತ್ತದೆ ಎಂದು ದಿನವೂ ಮುಂಜಾನೆ ಗಡಿಗೆಗೆ ನೀರು ತುಂಬಿ ಕುದಿಸುವ ಜನ ಅವರು. ದುಂಡವ್ವ ಎದ್ದಳು, ಓಣಿಗೆ ನಡೆದಳು, ಕುದಿಯುವ ಗಡಿಗೆಯೊಳಗೆ ಒಳಲೆಯನ್ನು ಬಿಟ್ಟೇಬಿಟ್ಟಳು.

ಓಣಿಗೆ ಓಣಿಯೇ ಎದೆ ಬಡಿದುಕೊಂಡಿತಂತೆ. ದುಂಡವ್ವ ಸೊಂಟಕ್ಕೆ ಕೈಕೊಟ್ಟು ನಿಂತು ಅಂದಳಂತೆ: "ಎಳಿ ಹರೀತೈತಿ ಅಂತ ದಿನಾ ಗಡಿಗಿ ಕುದಸ್ತೀರಿ. ಕೂಸು ಹರದ್ರ ಗಂಟ ಹಾಕಾಕ ಬರತೈತೇನ್ರವಾ?"

ಬೀಗತಿ, ಕಾಶವ್ವನ ಅತ್ತೆ, ಬಿಡಲಿಲ್ಲ. ಈ ಕೂಸು ಹೋದರೆ ಇನ್ನು ಈ ಊರಿನ ಯಾವ ತೊಟ್ಟಿಲನ್ನೂ ಮುಟ್ಟಬೇಡ ಎಂದಳು. ದುಂಡವ್ವ ಹೂಂ ಎಂದಳು. ಹೂಂ ಎಂದವಳು ಸೀದಾ ಹೋಗಿ ಕೂಸನ್ನು ಎತ್ತಿಕೊಂಡಳಂತೆ. ಅದು ಅವಳ ಮೊಮ್ಮಗಳು.

ಆ ಬೇಸಿಗೆಯೆಲ್ಲ ಅವಳು ತೊಟ್ಟಿಲು ಬಿಟ್ಟು ಕದಲಲಿಲ್ಲ. ಹಾಲು ಕಾಯಿಸಿದಳು, ಒಳಲೆ ಕುದಿಸಿದಳು, ಕೈ ತೊಳೆದಳು, ನೊಣ ಹೊಡೆದಳು. ನಡುವೆ ಕೂಸಿಗೆ ಭೇದಿ ಹತ್ತಿಯೇ ಬಿಟ್ಟಿತು. ಊರು ಬಾಗಿಲಲ್ಲಿ ಬಂದು ನಿಂತಿತು. ಅವಳು ಅಕ್ಕಿಗಂಜಿಯ ತಿಳಿಗೆ ಚಿಟಿಕೆ ಉಪ್ಪು ಬೆರೆಸಿ, ತೊಟ್ಟು ತೊಟ್ಟಾಗಿ ಬಾಯಿಗೆ ಬಿಡುತ್ತಾ ಕೂತಳು. ಬೇಸಿಗೆ ಮುಗಿದು ಮಿರಗದ ಮೊದಲ ಮಳೆ ಬಿದ್ದ ದಿನ ಆ ಕೂಸು ಅಜ್ಜಿಯ ಮೂಗು ಹಿಡಿದೆಳೆದು ನಕ್ಕಿತಂತೆ. ದುಂಡವ್ವ ಆಗ ಅತ್ತಳಂತೆ.

ಇದನ್ನು ಕಂಡ ಹೆಂಗಸರು ಮೊದಲು ಕದ್ದು ಬಂದರು, ಆಮೇಲೆ ರಾಜಾರೋಷವಾಗಿ ಬಂದರು. ಬೇವಿನ ಮರದ ಕೆಳಗೆ ಒಲೆ ಹೂಡಿ ಅವಳು ಕೂರುವಳು. ಅವರು ತಮ್ಮ ತಮ್ಮ ಮನೆಯ ಒಳಲೆ ಹಿಡಿದು, ಕೂಸು ಎತ್ತಿಕೊಂಡು ಸಾಲು ನಿಲ್ಲುವರು. ಒಂದೊಂದು ಕೂಸಿನ ತೊಡೆ ಹಿಂಡಿ ನೋಡುವಳು. ಸೊರಗಿದ್ದರೆ ಬೈಗುಳ ತಾಯಿಗಲ್ಲ, ಬಾಣಂತಿಗೆ ಹೊಟ್ಟೆತುಂಬ ಉಣ್ಣಿಸದೆ ರಾಟೆಯ ಮುಂದೆ ಕೂರಿಸಿದ ಅತ್ತೆಗೆ. ಸುತ್ತ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಬರುತ್ತಿದ್ದರಂತೆ, ಬೈಸಿಕೊಳ್ಳುವುದಕ್ಕೆ!

ಒಮ್ಮೆ ಆ ಸಾಲಿನಲ್ಲಿ ಸಟವಿಯೇ ಬಂದು ನಿಂತಳಂತೆ. ನಾನು ಬರೆದದ್ದನ್ನು ನೀನು ಅಳಿಸುತ್ತೀಯಂತೆ, ಎಂದು ಕೇಳಿದಳಂತೆ. ದುಂಡವ್ವ ತಲೆಯೆತ್ತದೆ, "ಏನರ ಬರಿಯವಾ, ಮೊದಲ ಕೈ ತೊಳಕೊ" ಅಂದಳಂತೆ. ಸಟವಿ ತೊಳೆದುಕೊಂಡಳಂತೆ.

ಆ ಊರಿನಲ್ಲಿ ಹಿಂದೆ ಬೇಸಿಗೆ ದಾಟದ ಕೂಸಿಗೆ ಹೆಸರೇ ಇಡುತ್ತಿರಲಿಲ್ಲವಂತೆ. ಹೆಸರಿಟ್ಟರೆ ನಾಳೆ ಆ ಹೆಸರು ಹಿಡಿದು ಅಳಬೇಕಾಗುತ್ತದೆ ಎಂದು. ಈಗ ಸುಡು ಬಿಸಿಲಿನ ಚೈತ್ರದಲ್ಲಿ ಹುಟ್ಟಿದರೂ ಸರಿ, ಹನ್ನೆರಡನೆಯ ದಿನಕ್ಕೇ ತೊಟ್ಟಿಲಿಗೆ ಹಾಕುತ್ತಾರೆ. ದುಂಡವ್ವನನ್ನು ನೆನೆದು, ಇಡೀ ಓಣಿಗೆ ಕೇಳುವಂತೆ ಹೆಸರು ಕೂಗುತ್ತಾರೆ.