ಹೊರೆ ಹಂಚುವ ಸರ್ವರು

ಮೆಣಸಿನಕಾಯಿ ವರ್ತಕರ ಸಂಘದ ಹರಾಜು ಕಂಪ್ಯೂಟರಿನಲ್ಲಿ ನಡೆಯುತ್ತಿತ್ತು. ಸಂತೆಯ ದಿನ ಇದ್ದ ಒಂದೇ ಸರ್ವರು ಭಾರ ತಾಳದೆ ಮಲಗುತ್ತಿತ್ತು.

ಸರ್ವರಿನ ತಂತ್ರಾಂಶ ಮಾರುವ ಪಟ್ಟಣಶೆಟ್ಟಿ ಬಂದು, "ಎರಡು ಸರ್ವರು ಹೊರೆ ಹಂಚಿಕೊಳ್ಳಬೇಕಂದ್ರ ದುಬಾರಿ ಆವೃತ್ತೀನ ಬೇಕ್ರಿ. ಸಾದಾದ್ರಾಗ ಆ ಸೌಲಭ್ಯ ಇಲ್ಲ" ಎಂದ.

"ಸಾದಾದ್ರಾಗೂ ಐತ್ರಿ" ಎಂದ ಕಂಪ್ಯೂಟರ್ ನೋಡಿಕೊಳ್ಳುವ ಸಂಘದ ಗುಮಾಸ್ತ.

"ನೀ ಸುಮ್ನಿರು" ಎಂದು ಅಧ್ಯಕ್ಷರು ಗದರಿದರು. "ಇನ್ನೊಂದು ಸರ್ವರು ತಂದು, ಎರಡಕ್ಕೂ ದುಬಾರೀದ ಹಾಕಿ ಪರೀಕ್ಷೆ ಮಾಡು. ಹರಾಜು ನಿಂತರ ನಿನ್ನ ಕೆಲಸಾನೂ ನಿಂತಂಗ."

ಸಂತೆಯ ದಿನ ಎರಡು ಸರ್ವರುಗಳ ಮೇಲೆ ಹರಾಜು ಭರದಿಂದ ಸಾಗಿತು. ಎಲ್ಲರೆದುರು ಗುಮಾಸ್ತ ಒಂದರ ತಂತಿ ಕಿತ್ತ. ಹರಾಜು ನಿಲ್ಲಲಿಲ್ಲ, ಇನ್ನೊಂದು ಪೂರ್ತಿ ಹೊರೆ ಹೊತ್ತಿತು.

ಪಟ್ಟಣಶೆಟ್ಟಿ ಎದೆಯುಬ್ಬಿಸಿದ. "ನೋಡ್ರಿ, ಇದು ಮಾಲು. ಇದಕ್ಕಿಂತ ಹೆಚ್ಚಿಂದು ನಿಮಗ ಯಾಕ ಬೇಕು?"

ಗುಮಾಸ್ತ ತೆರೆಯ ಮೇಲೆ ಆವೃತ್ತಿಯ ಹೆಸರು ತೋರಿಸಿದ. ಅವನು ಎರಡಕ್ಕೂ ಸಾದಾ ಆವೃತ್ತಿಯನ್ನೇ ಹಾಕಿದ್ದ.

ಪಟ್ಟಣಶೆಟ್ಟಿ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ.

ಅಧ್ಯಕ್ಷರು ಗುಮಾಸ್ತನನ್ನು ಒಮ್ಮೆ ನೋಡಿ, ಪಟ್ಟಣಶೆಟ್ಟಿಯತ್ತ ತಿರುಗಿದರು. "ಶೆಟ್ರ, ನೀವ ಇಷ್ಟು ಹೊಗಳಿದ ಮ್ಯಾಲ ಮತ್ತೇನು ಚೌಕಾಶಿ? ನಮಗ ಇದನ್ನ ಕೊಡ್ರಿ."