ಬಡಗಿ ಮಗುಚಿದ ಕಲ್ಲುಗಳು

ಸುಬ್ರಾಯ ಕೇಳಿದ, "ಗುರುಗಳೇ, ಹಟ ಹಿಡಿದು ಕೂತಿದ್ದೇನೆ. ಸಿಕ್ಕ ಗ್ರಂಥವನ್ನೆಲ್ಲ ಓದಿದೆ, ಹೇಳಿದ ವ್ರತವನ್ನೆಲ್ಲ ಮಾಡಿದೆ. ಆದರೂ ಮನಸ್ಸಿಗೆ ನೆಮ್ಮದಿಯಿಲ್ಲ. ಇನ್ನೇನು ಮಾಡಲಿ?"

ಗುರುಗಳು ನಕ್ಕರು. ಹಟದಲ್ಲಿ ನಿನ್ನನ್ನು ಮೀರಿಸುವವನೊಬ್ಬನಿದ್ದ, ಅವನ ಕತೆ ಕೇಳು ಎಂದರು.

ಕಡಲ ದಡದಲ್ಲಿ ಒಬ್ಬ ಬಡಗಿ. ಹೆತ್ತು ಮಲಗಿದ ಅವನ ಹೆಂಡತಿ ಮೇಲೇಳಲಿಲ್ಲ. ಊಟ ಸೇರದು, ಎದೆಯಲ್ಲಿ ಹಾಲಿಲ್ಲ, ಕೂಸು ಅತ್ತು ಅತ್ತು ದನಿ ಸೋತಿತ್ತು. ಏನು ಕೊಟ್ಟರೂ ಮುಖ ತಿರುಗಿಸುತ್ತಿದ್ದವಳಿಗೆ ಏಡಿಯ ಸಾರು ಮಾತ್ರ ಗಂಟಲಲ್ಲಿ ಇಳಿಯಿತು. ಸರಿ, ಬಡಗಿ ಉಳಿ ಕೆಳಗಿಟ್ಟ. ಇವರಿಬ್ಬರನ್ನೂ ಉಳಿಸಿಕೊಂಡೇ ತೀರುತ್ತೇನೆ ಎಂದು ಹೊರಟ.

ಕಡಲು ಇಳಿದಾಗ ಬಂಡೆಗಳ ನಡುವೆ ನೀರಿನ ಹೊಂಡಗಳು ಉಳಿಯುತ್ತವೆ. ಅಲ್ಲಿನ ಕಲ್ಲುಗಳ ಅಡಿಯಲ್ಲಿ ಏಡಿ, ಸೀಗಡಿ, ಸಣ್ಣ ಚಿಪ್ಪು, ಕಲ್ಲಿಗಂಟಿದ ಮೊಟ್ಟೆ, ಒಂದು ಊರೇ ಇರುತ್ತದೆ. ಆ ದಡದ ಹೆಂಗಸರಲ್ಲಿ ಒಂದು ಪದ್ಧತಿ. ಏಡಿ ಸಿಗಲಿ ಬಿಡಲಿ, ಎತ್ತಿದ ಕಲ್ಲನ್ನು ಇದ್ದ ಹಾಗೆಯೇ ಮಲಗಿಸಬೇಕು. ಬಡಗಿಗೆ ಅಷ್ಟು ಪುರುಸೊತ್ತು ಎಲ್ಲಿಯದು? ಉಬ್ಬರ ಬರುವುದರೊಳಗೆ ಆದಷ್ಟು ಕಲ್ಲು ನೋಡಬೇಕು. ಮಗುಚಿದ, ಏಡಿ ಹಿಡಿದ, ಮುಂದಿನದಕ್ಕೆ ಹೋದ. ಏಡಿ ಹಿಡಿಯಲು ಬಂದಿದ್ದ ಒಬ್ಬ ಅಜ್ಜಿ ತಡೆದು ಬುದ್ಧಿ ಹೇಳಿದಳು. ಮನೆಯಲ್ಲಿ ಜೀವ ಹೋಗುತ್ತಿರುವಾಗ ಕಲ್ಲಿಗೆ ಉಪಚಾರ ಮಾಡುತ್ತ ಕೂರಲೇ ಎಂದು ಅವನು ಸಿಡುಕಿದ.

ಸಾರು ಕುಡಿದು ಹೆಂಡತಿ ಎದ್ದು ಕೂತಳು. ಕೂಸಿಗೆ ತುಸು ಹಾಲೂ ಬಂತು. ಆದರೆ ಏಡಿ ದಿನದಿನಕ್ಕೆ ಕಡಿಮೆಯಾಗುತ್ತ ಬಂದು, ಕೊನೆಗೆ ಒಂದೂ ಸಿಗದಾಯಿತು. ಬಡಗಿ ದಡದುದ್ದಕ್ಕೂ ನಡೆದ. ಎಲ್ಲಿ ನೋಡಿದರೂ ತಾನೇ ಮಗುಚಿದ ಕಲ್ಲು. ಅಡಿಯಲ್ಲಿ ತಂಪಾಗಿದ್ದ ಜೀವಗಳೆಲ್ಲ ಬಿಸಿಲಿಗೆ ಒಣಗಿ ಹಕ್ಕಳೆಗಟ್ಟಿದ್ದವು. ಏಡಿಗೆ ಅಡಗಲು ಜಾಗವಿಲ್ಲ, ತಿನ್ನಲು ಏನೂ ಇಲ್ಲ. ಮನೆಯಲ್ಲಿ ಹೆಂಡತಿ ಮತ್ತೆ ಗಂಜಿಯ ಬಟ್ಟಲನ್ನು ದೂಡಲು ಶುರುಮಾಡಿದ್ದಳು.

ಅವನು ಅಜ್ಜಿಯ ಬಳಿಗೆ ಓಡಿ, ಇನ್ನು ಏಡಿ ಇರುವ ಜಾಗ ತೋರಿಸು ಎಂದು ಬೇಡಿಕೊಂಡ.

"ಹುಡುಕಿದ್ದು ಸಾಕು ಮಾರಾಯ," ಎಂದಳು ಅಜ್ಜಿ. "ಮೊದಲು ಮಗುಚಿದ್ದನ್ನು ಸರಿಯಾಗಿಡು. ಅಲ್ಲಿಯವರೆಗೆ ಬಾಣಂತಿಯ ಸಾರಿಗೆ ನನ್ನ ಬುಟ್ಟಿಯ ಏಡಿಯಿದೆ."

ಬಡಗಿ ನಾಚಿಕೆ ನುಂಗಿಕೊಂಡ. ಅಂದಿನಿಂದ ಕಡಲು ಇಳಿದಾಗಲೆಲ್ಲ ಹೋಗಿ, ಒಂದೊಂದೇ ಕಲ್ಲನ್ನು ಅದರ ಗುಳಿ ಹುಡುಕಿ ಕೂರಿಸಿದ. ಬಡಗಿಯಲ್ಲವೇ, ಸಂದು ಕೂಡದೆ ಕೈ ತೆಗೆಯುತ್ತಿರಲಿಲ್ಲ. ಉಗುರು ಕಿತ್ತುಹೋಯಿತು, ಸೊಂಟ ಹಿಡಿಯಿತು, ನೋಡಿದವರು ನಕ್ಕರು. ಅವನು ಬಿಡಲಿಲ್ಲ. ಮಳೆಗಾಲ ಕಳೆದ ಮೇಲೆ ಒಂದು ಕಲ್ಲನ್ನು ತುಸು ಎತ್ತಿ ನೋಡಿದ. ಉಗುರಿನಷ್ಟು ಏಡಿಯೊಂದು ಕಾಲೆತ್ತಿ ಜಗಳಕ್ಕೆ ನಿಂತಿತ್ತು. ಅವನು ಕಲ್ಲನ್ನು ಮೆಲ್ಲಗೆ ಇಳಿಸಿ ಮನೆಗೆ ಹೋದ. ಆ ಹೊತ್ತಿಗೆ ಅವನ ಕೂಸು ಅಂಬೆಗಾಲಿಡುತ್ತಿತ್ತು, ಹೆಂಡತಿ ಅದರ ಹಿಂದೆ ಓಡುತ್ತಿದ್ದಳು.

ಕತೆ ಮುಗಿಯಿತು. ಸುಬ್ರಾಯನಿಗೆ ಹುರುಪು ಬಂತು. ಹಾಗಾದರೆ ಗ್ರಂಥಗಳನ್ನು ಮೊದಲಿನಿಂದ ಮತ್ತೆ ಓದುತ್ತೇನೆ ಎಂದ.

ಗುರುಗಳು ಅವನನ್ನೇ ನೋಡಿದರು. "ಅದಿರಲಿ ಸುಬ್ರಾಯ, ಮದುವೆ ಗೊತ್ತಾಗಿದ್ದ ಹುಡುಗಿಗೆ ಒಂದು ಮಾತೂ ಹೇಳದೆ ಇಲ್ಲಿಗೆ ಬಂದೆಯಲ್ಲ, ಅವಳ ಮನೆಯ ದಾರಿ ನೆನಪಿದೆಯೇ?"