ಬೆಳಕು ಬಿಡಿಸಲು ಹೊರಟ ಸೂಜಿ

ಚಿತ್ರ ಕೊರೆಯುವ ಹೊಸ ಸೂಜಿಗೆ ಅಂದು ಮೊದಲ ಕೆಲಸ. ತಾಮ್ರದ ತಗಡಿಗೆ ಮೇಣ ಬಳಿದು, ಹೊಗೆ ಹಿಡಿಸಿ ಕಪ್ಪು ಮಾಡಿ ಇಟ್ಟಿದ್ದರು. ಮರಿಯಮ್ಮನಿಗೆ ಶುಭವಾರ್ತೆ ಹೇಳಲು ಬಂದ ದೇವದೂತನನ್ನು ಅದರ ಮೇಲೆ ಬಿಡಿಸಬೇಕಿತ್ತು, ಮೂಲೆಯಲ್ಲೊಂದು ಬೆಕ್ಕು.

ಸೂಜಿ ಒಂದು ಗೆರೆ ಎಳೆಯಿತು. ಮೇಣ ಸರಿದು ಒಳಗಿನ ತಾಮ್ರ ಫಳಕ್ಕನೆ ಹೊಳೆಯಿತು.

"ನೋಡಿದಿರಾ ಅಜ್ಜಾ! ನಾನು ಮುಟ್ಟಿದಲ್ಲೆಲ್ಲ ಬೆಳಕು!" ಎಂದು ಸೂಜಿ ಕುಣಿದಾಡಿತು.

ತಗಡು ಹಳೆಯದು, ಎಷ್ಟೋ ಚಿತ್ರಗಳನ್ನು ಅಚ್ಚು ಹಾಕಿಸಿದ್ದು. "ದೂತನ ಮುಖವನ್ನು ಹಾಗೇ ಬಿಡು, ಮಗೂ," ಎಂದಿತು.

"ದೇವರ ದೂತನನ್ನು ಕತ್ತಲಲ್ಲಿ ಬಿಡಲೇ? ನಿಮಗೆ ಹೊಟ್ಟೆಕಿಚ್ಚು!"

ಸೂಜಿಗೆ ಹುರುಪೋ ಹುರುಪು. ಮುಖಕ್ಕೆ ನೂರು ಗೆರೆ, ರೆಕ್ಕೆಗಳಿಗೆ ಸಾವಿರ ಗೆರೆ. ದೂತ ಸೂರ್ಯನ ಹಾಗೆ ಝಗಝಗಿಸಿದ. ಬೆಕ್ಕಿಗೆ ಇಷ್ಟೆಲ್ಲ ಯಾಕೆಂದು ಸುತ್ತ ಒಂದೇ ಒಂದು ಗೆರೆ ಎಳೆದು ಕೈಬಿಟ್ಟಿತು.

ತಗಡನ್ನು ತಾಮ್ರ ತಿನ್ನುವ ದ್ರಾವಕದಲ್ಲಿ ಅದ್ದಿದರು. ಸೂಜಿ ಎಳೆದ ಗೆರೆಗಳನ್ನಷ್ಟೇ ಅದು ಆಳವಾಗಿ ಕೊರೆಯಿತು. ಆಮೇಲೆ ಮೇಣ ತೆಗೆದು, ಆ ಗೆರೆಗಳಿಗೆ ಮಸಿ ತುಂಬಿ, ಒದ್ದೆ ಕಾಗದ ಹೊದಿಸಿ ಬಲವಾಗಿ ಒತ್ತಿದರು.

"ಬಂತು, ಬಂತು, ನನ್ನ ದೂತ ಬಂದ!" ಎಂದು ಸೂಜಿ ಕೂಗಿತು.

ಕಾಗದ ಮೇಲೆದ್ದಿತು. ಒಂದೊಂದು ಗೆರೆಯೂ ಹೊಟ್ಟೆತುಂಬ ಮಸಿ ಕುಡಿದಿತ್ತು. ದೇವದೂತನಿದ್ದ ಜಾಗದಲ್ಲಿ ದೊಡ್ಡದೊಂದು ಮಸಿಯ ಮುದ್ದೆ. ಮೂಲೆಯಲ್ಲಿ ಬೆಕ್ಕು ಮಾತ್ರ ಬೆಳ್ಳಗೆ ಬೆಳಗುತ್ತಿತ್ತು.

ಕಾಗದ ತನ್ನನ್ನು ತಾನೇ ನೋಡಿಕೊಂಡು ಬೆರಗಾಗಿ ಕೇಳಿತು: "ಸೂಜಮ್ಮ, ಮರಿಯಮ್ಮನಿಗೆ ಶುಭವಾರ್ತೆ ತಂದದ್ದು ಈ ಬೆಕ್ಕೇನು?"